ಹೊರದೇಶದ ಸಿನಿಮಾ ಡಿಸ್ಕು ನಮ್ಮ ಮನೆಯಲ್ಲಿ ಓಡಬೇಕಾದರೆ

ಬೋರನಕಣಿವೆಯ ಆಸುಪಾಸಿನಲ್ಲಿ, ಹುಳಿಯಾರಿನಿಂದ ಹಿಡಿದು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆವರೆಗೆ, ಮಗನೋ ಮಗಳೋ ಅಮೆರಿಕ, ಆಸ್ಟ್ರೇಲಿಯಾ ಕಡೆ ಇರುವ ತೋಟದ ಮನೆಗಳು ಈಗ ಅಪರೂಪವಲ್ಲ. ರಜೆಗೆ ಬರುವಾಗ ಅವರ ಪೆಟ್ಟಿಗೆಯಲ್ಲಿ ಚಾಕೊಲೇಟು, ಬಾದಾಮಿಗಳ ಜೊತೆ ಕೆಲವೊಮ್ಮೆ ಸಿನಿಮಾ ಡಿಸ್ಕುಗಳೂ ಬರುತ್ತವೆ. ಜಪಾನಿನ ಅಕಿರ ಕುರೊಸಾವಾ ಅವರದೊಂದು, ಇರಾನಿನ ಮಜೀದ್ ಮಜೀದಿ ಅವರದೊಂದು. ರಾತ್ರಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂರುತ್ತಾರೆ. ಟ್ರೇ ಒಳಗೆ ಹೋಗುತ್ತದೆ, ಡಿಸ್ಕು ಗಿರ್ರನೆ ತಿರುಗುವ ಸದ್ದೂ ಕೇಳುತ್ತದೆ. ಆಮೇಲೆ ಪರದೆಯ ಮೇಲೆ ಒಂದೇ ಸಾಲು: ‘ರೀಜನ್ ಎರರ್’.

ಡಿಸ್ಕು ಕೆಟ್ಟಿಲ್ಲ. ಪ್ಲೇಯರೂ ಕೆಟ್ಟಿಲ್ಲ. ಆ ಡಿಸ್ಕು ಬೇರೆ ವಲಯದ್ದು, ನಿಮ್ಮ ಪ್ಲೇಯರು ನಮ್ಮ ವಲಯದ್ದು, ಅಷ್ಟೇ. ಎಲ್ಲ ವಲಯದ ಡಿಸ್ಕುಗಳನ್ನೂ ಓಡಿಸುವ ಪ್ಲೇಯರಿಗೆ ಮಲ್ಟಿ ರೀಜನ್ ಪ್ಲೇಯರ್, ಅಂದರೆ ಬಹುವಲಯ ಪ್ಲೇಯರ್ ಎನ್ನುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ, ಕೊಳ್ಳುವ ಮುಂಚೆ ಏನು ನೋಡಬೇಕು, ಎಷ್ಟು ಖರ್ಚು ಎಂಬುದನ್ನು ಒಂದೊಂದಾಗಿ ನೋಡೋಣ. ದುಡ್ಡು ಹಾಕುವ ಮೊದಲೇ ಒಂದು ಮಾತು: ಇಲ್ಲಿರುವುದು ಒಂದು ಬೀಗವಲ್ಲ, ಮೂರು. ವಲಯದ್ದೊಂದು, ಟಿವಿ ಪದ್ಧತಿಯದೊಂದು, ಕರೆಂಟಿನದೊಂದು. ಬಹಳ ಜನ ಮೊದಲನೆಯದನ್ನಷ್ಟೇ ತೆಗೆಸಿಕೊಂಡು ಉಳಿದೆರಡರಲ್ಲಿ ಸಿಕ್ಕಿಬೀಳುತ್ತಾರೆ.

“ಮೊಬೈಲಿನಲ್ಲೇ ಎಲ್ಲ ಬರುತ್ತಲ್ಲ, ಡಿಸ್ಕು ಯಾಕೆ ಬೇಕು?” ಎಂದು ನೀವು ಕೇಳಬಹುದು. ಎಲ್ಲ ಬರುವುದಿಲ್ಲ. ಆನ್‌ಲೈನ್ ಸಿನಿಮಾ ಸೇವೆಗಳು ದೇಶದೇಶಕ್ಕೂ ಬೇರೆಬೇರೆ ಹಕ್ಕು ಕೊಂಡಿರುತ್ತವೆ. ಹಳೆಯ ಜಪಾನಿ, ಇಟಾಲಿಯನ್ ಚಿತ್ರಗಳು ಒಂದು ತಿಂಗಳು ಇದ್ದು ಮರುತಿಂಗಳು ಮಾಯವಾಗುತ್ತವೆ. ಜೊತೆಗೆ ತೆಂಗಿನ ತೋಟದ ಮಧ್ಯೆ ಸಿಗ್ನಲ್ಲಿನ ಪಾಡು ನಿಮಗೆ ಗೊತ್ತೇ ಇದೆ. ಡಿಸ್ಕಿಗೆ ನೆಟ್ಟೂ ಬೇಡ, ತಿಂಗಳ ಚಂದಾವೂ ಬೇಡ.

ಹಳ್ಳಿಯವರು ಹೊರದೇಶದ ಸಿನಿಮಾ ನೋಡುವುದು ನಮ್ಮಲ್ಲಿ ಹೊಸತೂ ಅಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಆಗ ರೀಲಿನ ಡಬ್ಬಿಗಳು ಊರಿಗೆ ಬರಬೇಕಿತ್ತು. ಈಗ ಅದೇ ಸಿನಿಮಾ ಒಂದು ತಟ್ಟೆಯೊಳಗೆ ಕೂತಿದೆ.

ವಲಯ ಎಂದರೇನು

ಡಿವಿಡಿ ಜಪಾನಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 1997ರಲ್ಲಿ ಮಾರುಕಟ್ಟೆಗೆ ಬಂತು. ಆ ಕಾಲಕ್ಕೆ ಹಾಲಿವುಡ್ ಚಿತ್ರ ಮೊದಲು ಅಮೆರಿಕದಲ್ಲಿ ಬಿಡುಗಡೆಯಾಗಿ, ಎಷ್ಟೋ ತಿಂಗಳ ಮೇಲೆ ಬೇರೆ ದೇಶಗಳ ಥಿಯೇಟರಿಗೆ ಬರುತ್ತಿತ್ತು. ಅಷ್ಟರೊಳಗೆ ಅಮೆರಿಕದ ಡಿವಿಡಿ ಇಲ್ಲಿಗೆ ಬಂದುಬಿಟ್ಟರೆ ಥಿಯೇಟರಿಗೆ ಯಾರು ಹೋಗುತ್ತಾರೆ? ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಇಡುವ ಲೆಕ್ಕಾಚಾರವೂ ಇತ್ತು. ಹಾಗಾಗಿ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡವು. ನೋಡುಗನ ಅನುಕೂಲ ಯಾರ ತಲೆಯಲ್ಲೂ ಇರಲಿಲ್ಲ.

ಡಿವಿಡಿಯಲ್ಲಿ ಅಮೆರಿಕ, ಕೆನಡಾ 1ನೇ ವಲಯ. ಯೂರೋಪು, ಜಪಾನು, ಕೊಲ್ಲಿ ದೇಶಗಳು, ದಕ್ಷಿಣ ಆಫ್ರಿಕಾ 2. ಸಿಂಗಪುರ, ಮಲೇಷ್ಯಾ, ದಕ್ಷಿಣ ಕೊರಿಯಾ ಕಡೆಯವು 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ 4. ನಾವು 5, ರಷ್ಯಾ ಮತ್ತು ಆಫ್ರಿಕಾದ ಬಹುಭಾಗ ನಮ್ಮ ಜೊತೆಗಿವೆ. ಚೀನಾ 6. ಏಳನೆಯದನ್ನು ಖಾಲಿ ಬಿಟ್ಟರು. ಎಂಟನೆಯದು ವಿಮಾನ, ಹಡಗುಗಳಿಗೆ.

2006ರಲ್ಲಿ ಬ್ಲೂ-ರೇ ಬಂದಾಗ ಅಂಕಿ ಬಿಟ್ಟು ಅಕ್ಷರ ಹಿಡಿದರು. ಅಮೆರಿಕ, ಜಪಾನು, ಕೊರಿಯಾ, ಆಗ್ನೇಯ ಏಷ್ಯಾ ‘ಎ’. ಯೂರೋಪು, ಕೊಲ್ಲಿ, ಆಫ್ರಿಕಾ, ಆಸ್ಟ್ರೇಲಿಯಾ ‘ಬಿ’. ಭಾರತ, ರಷ್ಯಾ, ಚೀನಾ ‘ಸಿ’. 2016ರಲ್ಲಿ ಬಂದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಮಾತ್ರ ಯಾವ ವಲಯವೂ ಇಲ್ಲ, ಎಲ್ಲಿಯದಾದರೂ ಎಲ್ಲಾದರೂ ಓಡುತ್ತದೆ. ಆದರೆ 4ಕೆ ಪ್ಲೇಯರು ಕೊಂಡರೆ ಎಲ್ಲ ತಾಪತ್ರಯ ಮುಗಿಯಿತು ಎಂದುಕೊಳ್ಳಬೇಡಿ. ಅದೇ ಪ್ಲೇಯರಿಗೆ ಮಾಮೂಲಿ ಬ್ಲೂ-ರೇ ಅಥವಾ ಡಿವಿಡಿ ಹಾಕಿದಾಗ ಹಳೆಯ ಬೀಗ ಹಾಗೆಯೇ ಇರುತ್ತದೆ.

ಈ ಹಂಚಿಕೆ ಎಷ್ಟು ವಿಚಿತ್ರ ಎನ್ನುವುದಕ್ಕೆ ‘ಪಥೇರ್ ಪಾಂಚಾಲಿ’ಯನ್ನೇ ನೋಡಿ. ಸತ್ಯಜಿತ್ ರೇ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನಲ್ಲಿ ಬೆಂಕಿಗೆ ಸಿಕ್ಕವು. ಸುಟ್ಟು ಉಳಿದದ್ದನ್ನು ಇಟಲಿಯ ಬೊಲೊನ್ಯಾದಲ್ಲಿ ವರ್ಷಗಟ್ಟಲೆ ಕೂತು ಸರಿಪಡಿಸಿದರು. ಆ ಚೆಂದದ ಪ್ರತಿಯನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2015ರಲ್ಲಿ ಬ್ಲೂ-ರೇ ಮಾಡಿತು. ಅದು ‘ಎ’ ವಲಯದ್ದು. ಬಂಗಾಳದ ಹಳ್ಳಿಯ ಕಥೆ, ಬಂಗಾಳದವರೇ ತೆಗೆದದ್ದು, ಆದರೆ ಕೋಲ್ಕತ್ತದಲ್ಲಿ ಕೊಂಡ ಪ್ಲೇಯರಿನಲ್ಲಿ ಓಡುವುದಿಲ್ಲ!

ಕವರಿನ ಹಿಂದೆ ಏನು ಓದಬೇಕು

ನಮ್ಮಲ್ಲಿ ಎಲ್ಲ ಬಗೆಯ ತಟ್ಟೆಗೂ ‘ಸೀಡಿ’ ಎಂದೇ ರೂಢಿ. ಆದ್ದರಿಂದ ಮೊದಲು ಕೈಯಲ್ಲಿರುವುದು ಯಾವುದು ಎಂದು ನೋಡಿಕೊಳ್ಳಿ. ನೀಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಸಾಮಾನ್ಯವಾಗಿ ಬ್ಲೂ-ರೇ, ಕಪ್ಪು ಡಬ್ಬಿ ಹೆಚ್ಚಾಗಿ ಡಿವಿಡಿ ಅಥವಾ 4ಕೆ. ಕ್ರೈಟೀರಿಯನ್ನಿನಂಥವರು ಪಾರದರ್ಶಕ ಡಬ್ಬಿ ಕೊಡುವುದರಿಂದ ಬಣ್ಣವನ್ನೇ ನಂಬದೆ ಲೋಗೊ ನೋಡಿ. ಹಳೆಯ ವಿಸಿಡಿಗಳಿಗೆ ವಲಯದ ಕಾಟವೇ ಇರಲಿಲ್ಲ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಮಾರುತ್ತಿದ್ದ ಕಾಲದಲ್ಲಿ ನಮಗೆ ಈ ತಲೆಬಿಸಿ ತಟ್ಟದೇ ಇದ್ದದ್ದು ಅದಕ್ಕೇ.

ಈಗ ಕವರನ್ನು ತಿರುಗಿಸಿ. ಕೆಳಗೆ ಬಾರ್‌ಕೋಡಿನ ಹತ್ತಿರ ಸಣ್ಣ ಸಣ್ಣ ಚಿಹ್ನೆಗಳ ಸಾಲು ಇರುತ್ತದೆ. ಡಿವಿಡಿಯಾದರೆ ಪುಟ್ಟ ಭೂಗೋಳದ ಚಿತ್ರ, ಅದರೊಳಗೆ ಅಂಕಿ. ಬ್ಲೂ-ರೇಯಾದರೆ ಆರು ಮೂಲೆಯ ಚಿಹ್ನೆಯೊಳಗೆ ಅಕ್ಷರ. ಅಂಕಿಯ ಜಾಗದಲ್ಲಿ 0 ಅಥವಾ ‘ಆಲ್’ ಎಂದಿದ್ದರೆ ಆ ಡಿಸ್ಕಿಗೆ ಬೀಗವಿಲ್ಲ. ಎ, ಬಿ, ಸಿ ಮೂರೂ ಇದ್ದರೂ ಅಷ್ಟೇ. ಅದೇ ಸಾಲಿನಲ್ಲಿ ‘ಎನ್‌ಟಿಎಸ್‌ಸಿ’ ಅಥವಾ ‘ಪಾಲ್’ ಎಂದು ಇರುತ್ತದೆ. ಅದನ್ನೂ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. ಇದೆಲ್ಲ ಬಹಳ ಸಣ್ಣ ಅಕ್ಷರ. ಕನ್ನಡಕ ಹಾಕಿಕೊಂಡೇ ನೋಡಿ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಬ್ರಿಟನ್ನಿನಲ್ಲಿ ಬಿಎಫ್‌ಐ, ಆ್ಯರೋ, ಯುರೇಕಾ ಮುಂತಾದವು ಬಿಡುಗಡೆ ಮಾಡುವ ಬ್ಲೂ-ರೇಗಳು ಹೆಚ್ಚಾಗಿ ‘ಬಿ’. ಕ್ರೈಟೀರಿಯನ್ನಿನ ಅಮೆರಿಕನ್ ಬ್ಲೂ-ರೇಗಳು ‘ಎ’. ‘ರಾಶೋಮನ್’, ‘ಬೈಸಿಕಲ್ ಥೀವ್ಸ್’ ಎರಡೂ ಅವರಲ್ಲಿವೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳ ಎಷ್ಟೋ ಬ್ಲೂ-ರೇಗಳಿಗೆ ಬೀಗವೇ ಇಲ್ಲ. ಅಂದರೆ ಕಲಾತ್ಮಕ ಚಿತ್ರ ನೋಡಬೇಕು ಎನ್ನುವವರಿಗೇ ತೊಂದರೆ ಜಾಸ್ತಿ.

ಬೀಗ ಹೇಗೆ ಕೆಲಸ ಮಾಡುತ್ತದೆ

ಮತಗಟ್ಟೆಯಲ್ಲಿ ನಿಮ್ಮ ಕೈಯಲ್ಲಿ ಗುರುತಿನ ಚೀಟಿ ಇದ್ದರೂ ಆ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವಾಪಸ್ ಕಳಿಸುತ್ತಾರಲ್ಲ, ಇದೂ ಹಾಗೆಯೇ. ಡಿವಿಡಿಯಲ್ಲಿ ಒಂದು ಜಾಗದಲ್ಲಿ ಎಂಟು ಬಿಟ್‌ಗಳ ಸಣ್ಣ ಪಟ್ಟಿ ಇರುತ್ತದೆ. ಬಿಟ್ ಎಂದರೆ ಹೌದು ಅಥವಾ ಇಲ್ಲ ಎನ್ನುವ ಒಂದು ಗುರುತು. ಒಂದೊಂದು ಬಿಟ್ ಒಂದೊಂದು ವಲಯಕ್ಕೆ. ಪ್ಲೇಯರಿನ ಚಿಪ್ಪಿನಲ್ಲಿ ಅದರ ವಲಯದ ಅಂಕಿ ಇರುತ್ತದೆ. ಡಿಸ್ಕು ಹಾಕಿದ ಕೂಡಲೇ ಪ್ಲೇಯರು ತನ್ನ ಅಂಕಿಯ ಮುಂದೆ ಏನಿದೆ ಎಂದು ನೋಡುತ್ತದೆ. ಒಪ್ಪಿಗೆ ಇದ್ದರೆ ಸಿನಿಮಾ, ಇಲ್ಲದಿದ್ದರೆ ‘ಎರರ್’. ಸಿನಿಮಾ ಪೂರ್ತಿ ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ಓದುವ ಶಕ್ತಿಯೂ ಪ್ಲೇಯರಿಗೆ ಇದೆ. ಓದಬಾರದು ಎಂದು ಹೇಳಿಟ್ಟಿದ್ದಾರೆ.

ಬ್ಲೂ-ರೇಯಲ್ಲಿ ಇದು ತಿರುಗುಮುರುಗು. ಅಲ್ಲಿ ಡಿಸ್ಕಿನೊಳಗಿನ ಪ್ರೋಗ್ರಾಮೇ ಪ್ಲೇಯರನ್ನು ‘ನಿನ್ನ ವಲಯ ಯಾವುದು’ ಎಂದು ಕೇಳಿ ತೀರ್ಮಾನ ಮಾಡುತ್ತದೆ.

ಬಹುವಲಯ ಪ್ಲೇಯರಿನಲ್ಲಿ ಈ ಅಂಕಿಯನ್ನು ಬದಲಿಸಲು ಬರುತ್ತದೆ. ಡಿವಿಡಿ ಪ್ಲೇಯರಿನಲ್ಲಿ ಇದು ಬಹಳ ಸುಲಭ. ಎಷ್ಟೋ ಕಂಪನಿಗಳು ಎಲ್ಲ ದೇಶಕ್ಕೂ ಒಂದೇ ಯಂತ್ರ ತಯಾರಿಸಿ, ಕೊನೆಗೆ ದೇಶಕ್ಕೆ ತಕ್ಕ ಅಂಕಿಯನ್ನು ಚಿಪ್ಪಿಗೆ ತುಂಬಿ ಕಳಿಸುತ್ತವೆ. ಆ ಅಂಕಿ ಬದಲಿಸಲು ರಿಮೋಟಿನಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಟ್ರೇ ತೆರೆದಿಟ್ಟೋ ಸೆಟಪ್ ಮೆನು ಹಾಕಿಯೋ ಆ ಸಂಖ್ಯೆ ಒತ್ತಿದರೆ ಪರದೆಯ ಮೇಲೆ ವಲಯದ ಅಂಕಿ ಕಾಣಿಸುತ್ತದೆ. ಅದನ್ನು 0 ಮಾಡಿದರೆ ಎಲ್ಲ ವಲಯವೂ ತೆರೆದುಕೊಳ್ಳುತ್ತದೆ. ಸಂಖ್ಯೆ ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ. ನಿಮ್ಮ ಪ್ಲೇಯರಿನ ಹಿಂಬದಿಯ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ನಂಬರನ್ನು, ಕೊನೆಯ ಅಕ್ಷರವನ್ನೂ ಬಿಡದೆ, ಬರೆದುಕೊಂಡು ಹುಡುಕಿ. ಹತ್ತಾರು ಸಂಖ್ಯೆಗಳನ್ನು ಸುಮ್ಮನೆ ಒತ್ತಿ ನೋಡುವುದು ಬೇಡ. ಕೆಲವು ಸಂಖ್ಯೆಗಳು ಭಾಷೆಯನ್ನೋ ಪೇರೆಂಟಲ್ ಲಾಕನ್ನೋ ಅಡಿಮೇಲು ಮಾಡಿಬಿಡುತ್ತವೆ. ಇನ್ನು ಅಗ್ಗದ ಚೀನಾ ಪ್ಲೇಯರುಗಳು ಎಷ್ಟೋ ಸಲ 0 ಆಗಿಯೇ ಬಂದಿರುತ್ತವೆ. ಅಟ್ಟ ಸೇರಿರುವ ನಿಮ್ಮ ಹಳೆಯ ಪ್ಲೇಯರನ್ನು ಇಳಿಸಿ ಒಮ್ಮೆ ಪರೀಕ್ಷಿಸದೆ ಹೊಸತಕ್ಕೆ ಕಾಸು ಬಿಚ್ಚಬೇಡಿ.

0 ಮಾಡಿದ ಮೇಲೂ ಕೆಲವು ಅಮೆರಿಕನ್ ಡಿವಿಡಿಗಳು ಹಟ ಹಿಡಿಯುತ್ತವೆ. 2000ದ ಸುಮಾರಿಗೆ ಸ್ಟುಡಿಯೊಗಳಿಗೆ ಈ 0 ಉಪಾಯ ಗೊತ್ತಾಗಿ, ‘ಎಲ್ಲಕ್ಕೂ ಹೂಂ ಎನ್ನುವ’ ಪ್ಲೇಯರನ್ನು ಪತ್ತೆಹಚ್ಚಿ ನಿಲ್ಲಿಸುವ ಪ್ರೋಗ್ರಾಮನ್ನು ಡಿಸ್ಕಿಗೆ ಸೇರಿಸಿದರು. ಆರ್‌ಸಿಇ ಎಂದು ಅದರ ಹೆಸರು. ‘ದಿ ಪೇಟ್ರಿಯಟ್’ ಡಿವಿಡಿಯಿಂದ ಅದು ಶುರುವಾಯಿತು. ಇದಕ್ಕೆ ಮದ್ದು ಸರಳ: 0 ಬಿಟ್ಟು ನೇರವಾಗಿ 1 ಎಂದು ಹಾಕಿ ನೋಡಿ, ನೋಡಿ ಮುಗಿದ ಮೇಲೆ ಮತ್ತೆ 0 ಮಾಡಿ.

ಬ್ಲೂ-ರೇ ಪ್ಲೇಯರಿನಲ್ಲಿ ಬರೀ ರಿಮೋಟಿನಿಂದ ಕೆಲಸ ಆಗುವುದು ಕಡಿಮೆ. ಸಾಮಾನ್ಯವಾಗಿ ಒಳಗೆ ಸಣ್ಣ ಬೋರ್ಡು ಕೂರಿಸಿ ಅಥವಾ ಸಾಫ್ಟ್‌ವೇರ್ ಬದಲಿಸಿ ಮಾರುತ್ತಾರೆ. ಇಂಥದ್ದರಲ್ಲಿ ಡಿವಿಡಿ ವಲಯ ಬೇರೆ, ಬ್ಲೂ-ರೇ ವಲಯ ಬೇರೆ, ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಕೊಳ್ಳುವಾಗ ‘ಎರಡೂ ತೆರೆದಿದೆಯೇ’ ಎಂದು ಬಿಡಿಸಿ ಕೇಳಿ. ಡಿವಿಡಿ ಮಾತ್ರ ತೆರೆದ ಪ್ಲೇಯರನ್ನು ‘ಮಲ್ಟಿ ರೀಜನ್ ಬ್ಲೂ-ರೇ’ ಎಂದು ಹೆಸರಿಟ್ಟು ಮಾರುವುದುಂಟು. ಇನ್ನೊಂದು: ಇಂಥ ಪ್ಲೇಯರನ್ನು ನೆಟ್ಟಿಗೆ ಜೋಡಿಸಿ ಕಂಪನಿಯ ಅಪ್‌ಡೇಟ್ ಹಾಕಿಕೊಂಡರೆ ಮಾಡಿಸಿದ ಬದಲಾವಣೆ ಅಳಿಸಿಹೋಗಬಹುದು. ಆಟೊ ಅಪ್‌ಡೇಟ್ ಬಂದ್ ಮಾಡಿಟ್ಟುಕೊಳ್ಳಿ.

“ಡಿವಿಡಿ ಪ್ಲೇಯರಿಗೇ ಬ್ಲೂ-ರೇ ಹಾಕಬಹುದೇ?” ಆಗುವುದಿಲ್ಲ, ಯಾವ ಗುಟ್ಟಿನ ಸಂಖ್ಯೆ ಒತ್ತಿದರೂ ಆಗುವುದಿಲ್ಲ. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರಿನ ಕೆಂಪು ಲೇಸರ್, ಬ್ಲೂ-ರೇಗೆ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್ ಬೇಕು. ಕಣ್ಣೇ ಬೇರೆ. ಬ್ಲೂ-ರೇ ಪ್ಲೇಯರಿಗೆ ಡಿವಿಡಿ ಹಾಕಲು ಅಡ್ಡಿಯಿಲ್ಲ.

ಎರಡನೆಯ ಬೀಗ: ಟಿವಿ ಪದ್ಧತಿ

ಅಮೆರಿಕ, ಜಪಾನಿನ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದೂ ಯೂರೋಪಿನ ಬಹುಪಾಲು ದೇಶಗಳದೂ ಪಾಲ್. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಪಾಲ್‌ನಲ್ಲಿ 625 ಗೆರೆ, 25 ಚಿತ್ರ. ಡಿವಿಡಿಗಳು ಈ ಎರಡರಲ್ಲಿ ಒಂದಕ್ಕೆ ತಕ್ಕಂತೆ ಮುದ್ರಣವಾಗಿರುತ್ತವೆ. ಇದಕ್ಕೂ ವಲಯದ ಅಂಕಿಗೂ ಸಂಬಂಧವಿಲ್ಲ. ಜಪಾನು, ಬ್ರಿಟನ್ ಎರಡೂ 2ನೇ ವಲಯ, ಆದರೆ ಜಪಾನಿನ ಡಿವಿಡಿ ಎನ್‌ಟಿಎಸ್‌ಸಿ, ಬ್ರಿಟನ್ನಿನದು ಪಾಲ್.

ನಿಮ್ಮ ಮನೆಯಲ್ಲಿ ಹಳೆಯ ದಪ್ಪ ಟಿವಿ ಇದ್ದು, ಸಿನಿಮಾ ಓಡುತ್ತಿದೆ ಆದರೆ ಬಣ್ಣವಿಲ್ಲ, ಅಥವಾ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿದೆ ಎಂದರೆ ತಪ್ಪು ವಲಯದ್ದಲ್ಲ, ಈ ಪದ್ಧತಿಯದು. ಪ್ಲೇಯರಿನ ಸೆಟಪ್‌ಗೆ ಹೋಗಿ ‘ಟಿವಿ ಟೈಪ್’ ಅಥವಾ ‘ಟಿವಿ ಸಿಸ್ಟಂ’ ಎಂಬಲ್ಲಿ ಪಾಲ್ ಎಂದು ಮಾಡಿ. ಆಗ ಪ್ಲೇಯರೇ ಪರಿವರ್ತಿಸಿ ಕಳಿಸುತ್ತದೆ. ಎಚ್‌ಡಿಎಂಐ ಕೇಬಲ್ಲಿನ ಎಲ್‌ಇಡಿ ಟಿವಿಗಳಲ್ಲಿ ಈ ಕಾಟ ಸಾಮಾನ್ಯವಾಗಿ ಇಲ್ಲ. ಅಲ್ಲಿ ‘ಆಟೊ’ ಅಥವಾ ‘ಮಲ್ಟಿ’ ಇಡುವುದೇ ಸರಿ, ಸುಮ್ಮನೆ ಪರಿವರ್ತನೆ ಮಾಡಿಸಿದರೆ ಓಡಾಟದ ದೃಶ್ಯಗಳು ತಡವರಿಸುತ್ತವೆ.

ಮಕ್ಕಳು ಅಮೆರಿಕದಿಂದ ಪ್ಲೇಯರನ್ನೇ ತರುತ್ತೇನೆ ಎಂದರೆ ಒಂದು ಎಚ್ಚರ. ಇಲ್ಲಿ ಮಾರುವ ಡಿವಿಡಿ ಪ್ಲೇಯರುಗಳು ಸಾಮಾನ್ಯವಾಗಿ ಎರಡೂ ಪದ್ಧತಿ ಓದುತ್ತವೆ. ಅಮೆರಿಕದಲ್ಲಿ ಅಲ್ಲಿಯವರಿಗೆಂದೇ ಮಾಡಿದ ಎಷ್ಟೋ ಪ್ಲೇಯರುಗಳಿಗೆ ಪಾಲ್ ಬರುವುದಿಲ್ಲ. ಅಂಥದ್ದು ತಂದರೆ ನೀವು ಇಲ್ಲೇ ಕೊಂಡ ಕನ್ನಡ ಸಿನಿಮಾದ ಪಾಲ್ ಡಿವಿಡಿಗಳು ಓಡದೆ ಕೂರುತ್ತವೆ.

ಪಾಲ್ ಡಿವಿಡಿಯಲ್ಲಿ ಒಂದು ಸಣ್ಣ ಚೋದ್ಯವಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಪಾಲ್‌ನಲ್ಲಿ ಅದನ್ನೇ 25ರ ವೇಗಕ್ಕೆ ಓಡಿಸುತ್ತಾರೆ. ಹೀಗಾಗಿ ಎರಡು ಗಂಟೆಯ ಸಿನಿಮಾ ಹೆಚ್ಚುಕಮ್ಮಿ 115 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ಕೂದಲೆಳೆಯಷ್ಟು ಏರಿರಬಹುದು. ಯಾರೋ ಐದು ನಿಮಿಷ ಕತ್ತರಿಸಿದ್ದಾರೆ ಎಂದು ಗಾಬರಿಯಾಗಬೇಡಿ. ಬ್ಲೂ-ರೇಯಲ್ಲಿ ಸಿನಿಮಾ ಸಾಮಾನ್ಯವಾಗಿ 24ರಲ್ಲೇ ಇರುತ್ತದೆ.

ಹಳೆಯ ಟಿವಿಯವರು ಇನ್ನೊಂದು ನೋಡಿಕೊಳ್ಳಿ. ಈಚಿನ ಬ್ಲೂ-ರೇ ಪ್ಲೇಯರುಗಳಲ್ಲಿ ಹಳದಿ-ಕೆಂಪು-ಬಿಳಿ ಎವಿ ತೂತುಗಳು ಇರುವುದು ಅಪರೂಪ. ಎಚ್‌ಡಿಎಂಐ ಇಲ್ಲದ ಟಿವಿಗೆ ಡಿವಿಡಿ ಪ್ಲೇಯರೇ ಸರಿ.

ಮೂರನೆಯದು: ಕರೆಂಟು

ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. ಅಮೆರಿಕದಲ್ಲಿ ಮನೆಯ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಪ್ಲೇಯರಿನ ಬೆನ್ನಿಗೆ ಅಥವಾ ಅದರ ಅಡಾಪ್ಟರಿಗೆ ಅಂಟಿಸಿದ ಚೀಟಿ ಓದಿ. ‘100-240’ ಎಂದಿದ್ದರೆ ಭಯವಿಲ್ಲ. ಬರೀ ‘120’ ಎಂದಿದ್ದರೆ ನಮ್ಮ ಗೋಡೆಗೆ ಚುಚ್ಚಿದ ಕ್ಷಣಕ್ಕೆ ಸುಟ್ಟುಹೋಗಬಹುದು. ಅಂಥದ್ದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, ಅಂದರೆ 230 ಅನ್ನು 110ಕ್ಕೆ ಇಳಿಸುವ ಪೆಟ್ಟಿಗೆ, ಬೇಕು.

“ಅಮೆರಿಕದ ಚಪ್ಪಟೆ ಪಿನ್ನಿಗೆ ಒಂದು ಅಡಾಪ್ಟರ್ ಸಿಕ್ಕಿಸಿದ್ದೇನಲ್ಲ?” ಅದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಇಪ್ಪತ್ತು-ಮೂವತ್ತು ರೂಪಾಯಿಯ ಆ ಪ್ಲಾಸ್ಟಿಕ್ ತುಂಡನ್ನು ನಂಬಿ ಹದಿನೈದು ಸಾವಿರದ ಪ್ಲೇಯರು ಸುಟ್ಟುಕೊಂಡವರಿದ್ದಾರೆ.

ತೋಟದ ಮನೆಗಳಲ್ಲಿ ಇನ್ನೂ ಒಂದು ಸಂಗತಿ. ತ್ರೀ ಫೇಸ್ ಬಂದು ಸುತ್ತಲ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವುದನ್ನು ನೋಡಿರುತ್ತೀರಿ. ಮೋಟರುಗಳು ನಿಂತಾಗ ವೋಲ್ಟೇಜು ದಿಢೀರನೆ ಏರುತ್ತದೆ. 100-240ರ ಪ್ಲೇಯರು ಇಳಿತವನ್ನು ತಾಳಿಕೊಳ್ಳುತ್ತದೆ, ಏರಿಕೆಯನ್ನು ತಾಳುವುದಿಲ್ಲ. ಟಿವಿಗೆ ಇಟ್ಟ ಸ್ಟೆಬಿಲೈಸರಿಗೇ ಪ್ಲೇಯರನ್ನೂ ಸಿಕ್ಕಿಸಿ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪಿನ್ನನ್ನೇ ಕೀಳಿ.

ಮಾತು ತಿಳಿಯಬೇಕಲ್ಲ

ಒಂದು ಡಿವಿಡಿಯಲ್ಲಿ 8 ಧ್ವನಿಪಟ್ಟಿ, 32 ಸಬ್‌ಟೈಟಲ್ ಪಟ್ಟಿಗಳವರೆಗೆ ಇಡಬಹುದು. ಆದರೆ ಹೊರದೇಶದ ಡಿಸ್ಕುಗಳಲ್ಲಿ ನಮಗೆ ಉಪಯೋಗಕ್ಕೆ ಬರುವುದು ಸಾಮಾನ್ಯವಾಗಿ ಇಂಗ್ಲಿಷ್ ಒಂದೇ. ಫ್ರಾನ್ಸಿನಲ್ಲೋ ಜಪಾನಿನಲ್ಲೋ ಕೊಂಡ ಡಿಸ್ಕಿನಲ್ಲಿ ಅದೂ ಇಲ್ಲದಿರಬಹುದು. ಕೊಳ್ಳುವ ಮೊದಲು ಕವರಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆಯೇ ನೋಡಿ, ಇಲ್ಲದಿದ್ದರೆ ವಲಯ ತೆರೆದೂ ಪ್ರಯೋಜನವಿಲ್ಲ.

ಡಿಸ್ಕಿನ ಸಬ್‌ಟೈಟಲ್ ಅಕ್ಷರಗಳಲ್ಲ, ಅಕ್ಷರದ ಚಿತ್ರಗಳು. ಹಾಗಾಗಿ ಅದನ್ನು ಬದಲಿಸಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಸಾಫ್ಟ್‌ವೇರ್ ಬಳಸಿದರೆ ಮಾತ್ರ ಬೇರೆ ಕಡತದಿಂದ ಸಬ್‌ಟೈಟಲ್ ಸೇರಿಸಬಹುದು. ಇಂಗ್ಲಿಷ್ ಓದಲಾಗದ ಹಿರಿಯರು ಮನೆಯಲ್ಲಿದ್ದರೆ ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ. ರಿಮೋಟಿನ ಪಾಜ್ ಬಟನ್ ಅವಳ ಕೈಗೆ ಕೊಡಿ. ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ನಂಥ ಚಿತ್ರದಲ್ಲಿ ಅಣ್ಣ ತಂಗಿ ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಓಡುವುದು ಅರ್ಥವಾಗಲು ಅಜ್ಜಿಗೆ ಮೊಮ್ಮಗಳ ಅನುವಾದವೂ ಹೆಚ್ಚು ಬೇಕಾಗದು.

ಕಂಪ್ಯೂಟರಿನ ದಾರಿ

ಹಳೆಯ ಲ್ಯಾಪ್‌ಟಾಪ್ ಇದ್ದರೆ ಡಿವಿಡಿಗೆ ಇದೇ ಅಗ್ಗದ ದಾರಿ. ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡಿವಿಡಿ ಡ್ರೈವ್ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ವಿಎಲ್‌ಸಿ ಪುಕ್ಕಟೆ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿದರಾಯಿತು. ಆದರೆ ಡ್ರೈವಿಗೂ ವಲಯವಿದೆ. 2000ದಿಂದೀಚಿನ ಡ್ರೈವ್‌ಗಳಲ್ಲಿ ವಲಯವನ್ನು ಐದೇ ಸಲ ಬದಲಿಸಬಹುದು. ಐದನೆಯ ಸಲ ಎಲ್ಲಿ ನಿಂತಿತೋ ಅಲ್ಲೇ ಖಾಯಂ. ಕಂಪ್ಯೂಟರು ‘ಬದಲಿಸಲೇ?’ ಎಂದು ಕೇಳಿದಾಗಲೆಲ್ಲ ಹೂಂ ಎನ್ನಬೇಡಿ. ಮೊದಲು ವಿಎಲ್‌ಸಿಯಲ್ಲಿ ಹಾಗೆಯೇ ಓಡಿಸಿ ನೋಡಿ, ಎಷ್ಟೋ ಡ್ರೈವ್‌ಗಳಲ್ಲಿ ಬದಲಿಸದೆಯೇ ಓಡುತ್ತದೆ. ಬ್ಲೂ-ರೇ ವಿಷಯದಲ್ಲಿ ಈ ದಾರಿ ಕಷ್ಟ, ಡ್ರೈವೂ ದುಬಾರಿ, ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರೂ ಬೇಕು.

ಇದೆಲ್ಲ ಕಾನೂನಿಗೆ ಒಪ್ಪಿಗೆಯೇ ಎಂಬ ಅನುಮಾನ ಸಹಜ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ, ಎರಡು ವರ್ಷದವರೆಗೆ ಸಜೆಯೂ ಉಂಟು. ಆದರೆ ಹಕ್ಕುದಾರರ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕು ಎಂಬುದು ಆ ಕಲಮಿನಲ್ಲೇ ಇದೆ. ದುಡ್ಡು ಕೊಟ್ಟು ಕೊಂಡ ಅಸಲಿ ಡಿಸ್ಕನ್ನು ನಮ್ಮ ಮನೆಯಲ್ಲಿ ನಾವು ನೋಡುವುದು ಬೇರೆ, ನಕಲು ತೆಗೆದು ಹಂಚುವುದು ಬೇರೆ. ಪ್ಲೇಯರು ಬಿಚ್ಚಿಸಿದರೆ ಕಂಪನಿಯ ವಾರಂಟಿ ಹೋಗುತ್ತದೆ, ಅದು ತಿಳಿದಿರಲಿ. ಅದೇ ಡಿಸ್ಕನ್ನು ಶಾಲೆಯ ಹಾಲಿನಲ್ಲೋ ಯುವಕ ಸಂಘದಲ್ಲೋ ಊರಿಗೆಲ್ಲ ತೋರಿಸುವುದಾದರೆ ಹಕ್ಕುದಾರರ ಅನುಮತಿ ಕೇಳಬೇಕು. ಮನೆಗೆಂದು ಮಾರಿದ ಡಿಸ್ಕಿಗೆ ಆ ಪರವಾನಗಿ ಇರುವುದಿಲ್ಲ.

ಧೂಳು, ಶಾಖ, ಹಲ್ಲಿ

ಕಾಯಿ ಸುಲಿಯುವ ಕಾಲದಲ್ಲಿ ಮಟ್ಟೆಯ ಧೂಳು ಮನೆಯೆಲ್ಲ ಆಡುತ್ತದೆ. ಲೇಸರಿನ ಮಸೂರದ ಮೇಲೆ ಅದು ಕೂತರೆ ಒಳ್ಳೆಯ ಡಿಸ್ಕೂ ‘ನೋ ಡಿಸ್ಕ್’ ಆಗುತ್ತದೆ. ಪ್ಲೇಯರಿನ ಮೇಲೊಂದು ಬಟ್ಟೆ ಹೊದಿಸಿಡಿ, ಓಡಿಸುವಾಗ ಮಾತ್ರ ತೆಗೆಯಿರಿ. ಟ್ರೇ ತೆರೆದಿಟ್ಟು ಎದ್ದುಹೋಗಬೇಡಿ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿಮರಿಗೆ ಅಷ್ಟು ಸಂದು ಸಾಕು. ಡಿಸ್ಕುಗಳನ್ನು ಕೊಬ್ಬರಿ ಅಟ್ಟದ ಕಡೆ, ಹೆಂಚಿನ ಅಥವಾ ಶೀಟಿನ ಕೆಳಗೆ ಇಡಬೇಡಿ. ಬೇಸಿಗೆಯ ಶಾಖಕ್ಕೆ ಅವು ಸೊಟ್ಟಗಾಗುತ್ತವೆ.

ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಿದರೆ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಬೀಳುತ್ತದೆ. ಟೂತ್‌ಪೇಸ್ಟ್ ಉಜ್ಜುವ ಹಳೆಯ ಉಪಾಯವನ್ನು ಬ್ಲೂ-ರೇಗೆ ಮಾಡಲೇಬೇಡಿ. ಡಿವಿಡಿಯಲ್ಲಿ ಮಾಹಿತಿ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್.

ಎಷ್ಟು ಖರ್ಚು, ಎಲ್ಲಿ ಸಿಗುತ್ತದೆ

ಪ್ಲೇಯರುಗಳ ಕಾಲ ಇಳಿಮುಖವಾಗಿದೆ. ಬಹುವಲಯದವರು ಮೆಚ್ಚುತ್ತಿದ್ದ ಆಪ್ಪೊ ಕಂಪನಿ 2018ರಲ್ಲಿ ಪ್ಲೇಯರು ನಿಲ್ಲಿಸಿತು, 2019ರಲ್ಲಿ ಸ್ಯಾಮ್‌ಸಂಗ್ ಹಿಂದೆ ಸರಿಯಿತು, 2024ರಲ್ಲಿ ಎಲ್‌ಜಿಯೂ ಬ್ಲೂ-ರೇ ಬಿಟ್ಟಿತು. ಸೋನಿ, ಪ್ಯಾನಾಸೋನಿಕ್ ಉಳಿದಿವೆ. ಆದ್ದರಿಂದ ಡಿಸ್ಕು ನೋಡುವ ಆಸೆ ಇದ್ದವರು ಬಹಳ ಮುಂದೂಡದಿರುವುದು ವಾಸಿ.

ಹೊಸ ಡಿವಿಡಿ ಪ್ಲೇಯರು ಸುಮಾರು ಎರಡರಿಂದ ನಾಲ್ಕು ಸಾವಿರ. ಸೆಕೆಂಡ್‌ ಹ್ಯಾಂಡ್ ಆದರೆ ಸಾವಿರದ ಆಸುಪಾಸು. ತಿಪಟೂರು, ತುಮಕೂರಿನ ಟಿವಿ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ, ಮೂಲೆಯಲ್ಲಿ ಒಂದಾದರೂ ಇದ್ದೀತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ. ಬಹುವಲಯ ಬ್ಲೂ-ರೇ ಪ್ಲೇಯರು ಅಮೆರಿಕ, ಬ್ರಿಟನ್ನಿನ ಮಾರಾಟಗಾರರಲ್ಲಿ ಸುಮಾರು 150ರಿಂದ 300 ಡಾಲರ್ ಆಗುತ್ತದೆ. ಪಾರ್ಸೆಲ್ಲಿನಲ್ಲಿ ತರಿಸಿದರೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಬೆಲೆ ಏರುತ್ತದೆ. ಮನೆಯವರು ಬರುವಾಗ ಸಾಮಾನಿನಲ್ಲಿ ತಂದರೆ ಸುಂಕದ ಮಿತಿಯೊಳಗೆ ಬರುವ ಸಾಧ್ಯತೆ ಹೆಚ್ಚು. ಕ್ರೈಟೀರಿಯನ್ ಬ್ಲೂ-ರೇಯ ಪಟ್ಟಿ ಬೆಲೆ 39.95 ಡಾಲರ್. ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ ಅಂಗಡಿಗಳಲ್ಲಿ ಜುಲೈ ಮತ್ತು ನವೆಂಬರಿನಲ್ಲಿ ಅವು ಅರ್ಧ ಬೆಲೆಗೆ ಸಿಗುವುದು ರೂಢಿ, ಮಕ್ಕಳಿಗೆ ಮೊದಲೇ ಹೇಳಿಡಿ.

ನನ್ನನ್ನು ಕೇಳಿದರೆ, 32 ಇಂಚಿನ ಟಿವಿ ಇರುವ ಮನೆಗೆ 0 ಮಾಡಿದ ಡಿವಿಡಿ ಪ್ಲೇಯರು ಸಾಕು. ದೊಡ್ಡ ಟಿವಿ ಇದ್ದು, ವರ್ಷಕ್ಕೆ ಹತ್ತಾರು ಬ್ಲೂ-ರೇ ಬರುವ ಮನೆಯವರು ಮಾತ್ರ ಬಹುವಲಯ ಬ್ಲೂ-ರೇಗೆ ಕೈಹಾಕಲಿ.

ಅಂಗಡಿಗೆ ಹೋಗುವಾಗ ಡಿಸ್ಕುಗಳನ್ನು ಜೊತೆಗೇ ಒಯ್ಯಿರಿ: ಅಮೆರಿಕದ 1ನೇ ವಲಯದ ಎನ್‌ಟಿಎಸ್‌ಸಿ ಡಿಸ್ಕೊಂದು, ಇಲ್ಲಿಯ ಪಾಲ್ ಡಿಸ್ಕೊಂದು. ಎರಡನ್ನೂ ಅಂಗಡಿಯ ಟಿವಿಯಲ್ಲಿ ಹಾಕಿಸಿ. ಮೆನು ಬಂದ ಕೂಡಲೇ ತೃಪ್ತಿಪಡಬೇಡಿ, ಸಿನಿಮಾ ಶುರುವಾಗಿ ಬಣ್ಣ, ದನಿ, ಸಬ್‌ಟೈಟಲ್ ಮೂರೂ ಸರಿಯಾಗಿ ಬರುವವರೆಗೆ ನಿಂತು ನೋಡಿ. ರಿಮೋಟ್ ಆ ಪ್ಲೇಯರಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ, ಬೇರೆ ರಿಮೋಟಿನಲ್ಲಿ ವಲಯದ ಸಂಖ್ಯೆ ಕೆಲಸ ಮಾಡದೇ ಹೋಗಬಹುದು. ಅಂಗಡಿಯವರು ಒತ್ತಿದ ಆ ಸಂಖ್ಯೆಯನ್ನು ಕೇಳಿ ಬರೆಸಿಕೊಂಡು ಪ್ಲೇಯರಿನ ತಳಕ್ಕೆ ಚೀಟಿ ಅಂಟಿಸಿಡಿ. ಯಾರಾದರೂ ರೀಸೆಟ್ ಒತ್ತಿದ ದಿನ ಅದು ಬೇಕಾಗುತ್ತದೆ.